ಅವ್ವನ ಐವತ್ತು ರೂಪಾಯಿ, ಮಾಂಡೋವಿಯ ಹಡಗು

ಹರಿಹರದಿಂದ ದಾವಣಗೆರೆಗೆ 14 ಕಿಲೋಮೀಟರ್. 21 ವರ್ಷದಿಂದ ದಿನವೂ ಈ ದಾರಿಯಲ್ಲೇ ನನ್ನ ಓಡಾಟ. ಕಾಲೇಜೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಉಚಿತವಾಗಿಸಿದ ಶಕ್ತಿ ಯೋಜನೆ ಬಂದು ಬಸ್ ಪಾಸಿನ ಖರ್ಚು ಉಳಿದಾಗ, ಆ ದುಡ್ಡು ಮನೆಖರ್ಚಿನಲ್ಲಿ ಕರಗಿಹೋಗಬಾರದು ಅನ್ನಿಸಿತು. ಪಾಸಿಗೆ ಕೊಡುತ್ತಿದ್ದಷ್ಟನ್ನೇ ತಿಂಗಳು ತಿಂಗಳು ಹಳೇ ಹಾರ್ಲಿಕ್ಸ್ ಡಬ್ಬಿಯೊಂದಕ್ಕೆ ಹಾಕುತ್ತ ಬಂದೆ. ಮೊನ್ನೆ ಸುರಿದು ಎಣಿಸಿದರೆ 24 ಸಾವಿರ ದಾಟಿದೆ.

ಒಬ್ಬಳೇ ಊರು ಬಿಟ್ಟು ಒಂದು ರಾತ್ರಿಯೂ ಉಳಿದವಳಲ್ಲ ನಾನು. ಧರ್ಮಸ್ಥಳ, ತಿರುಪತಿ, ಮದುವೆ, ಗೃಹಪ್ರವೇಶ, ಎಲ್ಲಕ್ಕೂ ಯಾರಾದರೊಬ್ಬರು ಜೊತೆಗೆ. 47ನೇ ವಯಸ್ಸಿನಲ್ಲಿ ಈ ಡಬ್ಬಿಯ ದುಡ್ಡಲ್ಲಿ ಮೊದಲ ಸಲ ಒಬ್ಬಳೇ ಹೊರಟಿದ್ದೇನೆ. ಹೊರಟಿರುವುದು ಪಣಜಿಗೆ, ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗಿಗೆ.

ಹೇಳಿದ ಕೂಡಲೇ ನಮ್ಮ ಮನೆಯವರು ಕೇಳಿದ ಮೊದಲ ಮಾತು, "ಯಾರ ಜೊತೆ?" ಅವರ ತಪ್ಪಿಲ್ಲ. ನಮ್ಮ ಊರುಗಳಲ್ಲಿ ಗೋವಾಕ್ಕೆ ಹೋಗುವುದೆಂದರೆ ಗುಂಪು ಕಟ್ಟಿಕೊಂಡೇ. ಶುಕ್ರವಾರ ರಾತ್ರಿ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲೋ ಮಂಡಿಪೇಟೆಯಲ್ಲೋ ನಾಲ್ಕೈದು ಗೆಳೆಯರು ಒಂದು ಕಾರಿಗೆ ತುಂಬಿಕೊಂಡರೆ ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ವಾಪಸ್. ಯಾರು ಎಷ್ಟು ಗೆದ್ದರು ಎಂಬುದು ಬೆಣ್ಣೆ ದೋಸೆ ತಿನ್ನುವಾಗ ಹೊರಬರುತ್ತದೆ. ಎಷ್ಟು ಸೋತರು ಎಂಬುದನ್ನು ನಾನಂತೂ ಈವರೆಗೆ ಕೇಳಿಲ್ಲ. ಹೆಂಗಸೊಬ್ಬಳು, ಅದೂ ಒಬ್ಬಳೇ, ಅದೂ ಜೂಜಿನ ಹಡಗಿಗೆ ಹೋಗುತ್ತೇನೆಂದರೆ ಕೇಳಿದವರಿಗೆ ತಬ್ಬಿಬ್ಬು. ಆದರೆ ನನಗೆ ಈ ಆಸೆ ಹುಟ್ಟಿದ್ದು ಗೋವಾದಲ್ಲಲ್ಲ, ಹರಿಹರದ ಹೊಳೆ ದಂಡೆಯಲ್ಲಿ.

ಅಪ್ಪ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ವರ್ಷಪೂರ್ತಿ ಇಸ್ಪೀಟು ಮುಟ್ಟುತ್ತಿರಲಿಲ್ಲ. ಯುಗಾದಿ ಮಾರನೇ ದಿನ, ಕರಿಯಂದು ಮಾತ್ರ ಹೊಳೆ ಹತ್ತಿರದ ತೋಪಿಗೆ ಹೋಗುತ್ತಿದ್ದ. ಮಧ್ಯ ಕರ್ನಾಟಕದಲ್ಲಿ ಬೆಳೆದವರಿಗೆ ಆ ದೃಶ್ಯ ಬಿಡಿಸಿ ಹೇಳಬೇಕಿಲ್ಲ. ಮರದ ನೆರಳಿಗೊಂದು ಟವಲ್ ಹಾಸಿಗೆ, ಸುತ್ತ ಉಬ್ಬಿದ ಜೇಬುಗಳು, ನಡುವೆ ಅಂದರ್ ಬಾಹರ್. ಹಬ್ಬಕ್ಕೆ ವಿನಾಯಿತಿ ಇದೆ ಎಂದು ಎಲ್ಲರೂ ನಂಬಿದ್ದರು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಅಂಥ ವಿನಾಯಿತಿ ಇಲ್ಲ, ಹಣ ಕಟ್ಟಿ ಅದೃಷ್ಟದಾಟ ಆಡುವುದು ಯುಗಾದಿಯಂದೂ ಅಪರಾಧವೇ. ಹಾಗಾಗಿ ಹಬ್ಬದ ಮರುದಿನದ ಪತ್ರಿಕೆಯಲ್ಲಿ "ಜೂಜಾಡುತ್ತಿದ್ದವರ ಬಂಧನ" ಎಂಬ ಸುದ್ದಿ ಇವತ್ತಿಗೂ ಬರುತ್ತದೆ.

ಕರಿಯ ದಿನ ಬೆಳಿಗ್ಗೆ ಅವ್ವ ಅಪ್ಪನ ಪಾಕೀಟು ಇಸಿದುಕೊಂಡು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಹತ್ತರ ಐದು ನೋಟು ಎಣಿಸಿ, ಮಡಿಸಿ, ಅಂಗಿ ಜೇಬಿಗೆ ಹಾಕಿ, ಮೇಲಿಂದ ಒಮ್ಮೆ ತಟ್ಟುತ್ತಿದ್ದಳು. ಅಷ್ಟೇ. ಬೈಗುಳವಿಲ್ಲ, ಬುದ್ಧಿವಾದವಿಲ್ಲ. ಗೆದ್ದರೆ ಅಪ್ಪ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದ. ಸೋತರೆ ಮಧ್ಯಾಹ್ನದೊಳಗೇ ಬಂದು ಉಳಿದ ಹೋಳಿಗೆ ಉಂಡು ಮಲಗುತ್ತಿದ್ದ. ಒಂದು ವರ್ಷ ಮಾತ್ರ ಹನ್ನೊಂದು ಗಂಟೆಗೇ ಬಂದು ಬಾಗಿಲಲ್ಲಿ ನಿಂತು, "ಇನ್ನೊಂದು ಐವತ್ತು ಕೊಡೆ" ಅಂದ. ಅವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. "ಆಡೋ ದುಡ್ಡು ಮುಗೀತು. ಇನ್ನಿರೋದು ಉಣ್ಣೋ ದುಡ್ಡು" ಅಂದಳು. ಅಪ್ಪ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಒಂದು ತಂಬಿಗೆ ನೀರು ಕುಡಿದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಅದೇ ವರ್ಷ ನಮ್ಮ ಓಣಿಯ ಒಬ್ಬರು ಅದೇ ತೋಪಿನಲ್ಲಿ ಸೈಕಲ್ ಸೋತು ನಡೆದುಕೊಂಡು ಮನೆಗೆ ಬಂದರು.

ನಾನು ನೀರಿನ ಚೊಂಬು ಹಿಡಿದು ತೋಪಿಗೆ ಹೋದರೆ ಹತ್ತು ಹೆಜ್ಜೆ ದೂರದಲ್ಲೇ ನಿಲ್ಲಿಸುತ್ತಿದ್ದರು. "ಹೆಣ್ಣುಮಕ್ಕಳಿಗೆ ಇಲ್ಲಿ ಏನು ಕೆಲಸ?" ಎಲೆ ಬೀಳುವ ಸದ್ದು, ಜನ ಒಮ್ಮೆಲೇ ಕೂಗುವ ಸದ್ದು ಕೇಳಿದ್ದೇನೆಯೇ ಹೊರತು ಆಟ ಕಣ್ಣಾರೆ ಕಂಡಿಲ್ಲ. ಆ ವೃತ್ತದೊಳಗೆ ಒಂದು ಸಲ ಕೂರಬೇಕು, ಅಷ್ಟೇ ನನ್ನ ಆಸೆ.

ನಮ್ಮದೇ ನೀರು, ಅವರ ಹಡಗು

ಗೋವಾ ನನಗೆ ಹೊಸದಲ್ಲ. ಎರಡು ಸಲ ಟೆಂಪೊ ಟ್ರಾವೆಲರ್‌ನಲ್ಲಿ ನೆಂಟರ ಜೊತೆ ಹೋಗಿದ್ದೇವೆ. ಮಂಗೇಶಿ, ಶಾಂತಾದುರ್ಗಾ, ಹಳೇ ಗೋವಾದ ಚರ್ಚು, ಸಂಜೆಗೆ ಪಣಜಿ. ನದಿಗುಂಟ ಬಾಂದೋಡ್ಕರ್ ರಸ್ತೆಯಲ್ಲಿ ನಿಂತರೆ ಎದುರಿಗೆ ಹಡಗುಗಳ ಸಾಲು. ಡೆಲ್ಟಿನ್ ರಾಯಲ್, ಕ್ಯಾಸಿನೊ ಪ್ರೈಡ್ ಎಂಬ ಹೆಸರುಗಳು ಬೆಳಕಿನಲ್ಲಿ ಹೊಳೆದು ನೀರಿನಲ್ಲಿ ಅಲುಗುತ್ತಿದ್ದವು. "ಅವು ಎಲ್ಲಿಗೆ ಹೋಗ್ತವೆ?" ಎಂದು ಮಗಳು ಕೇಳಿದ್ದಳು. ಎಲ್ಲಿಗೂ ಹೋಗುವುದಿಲ್ಲ. ಲಂಗರು ಹಾಕಿ ನಿಂತಲ್ಲೇ ನಿಂತಿರುತ್ತವೆ. ದಂಡೆಯ ಜೆಟ್ಟಿಯಿಂದ ಸಣ್ಣ ದೋಣಿಯಲ್ಲಿ ಜನರನ್ನು ಕರೆದೊಯ್ದು ಮತ್ತೆ ತಂದು ಬಿಡುತ್ತಾರೆ.

ಆ ನೀರು ನಮಗೆ ಪರಕೀಯವಲ್ಲ. ಮಾಂಡೋವಿ ಎಂದರೆ ನಮ್ಮ ಮಹದಾಯಿ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ ಗೋವಾಕ್ಕೆ ಇಳಿಯುವ ನದಿ. ಕಳಸಾ–ಬಂಡೂರಿ ಯೋಜನೆಗಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಬೀದಿಯಲ್ಲಿ ಕೂತದ್ದು ಇದೇ ನದಿಯ ನೀರಿಗೆ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿದ್ದೂ ಇದರದ್ದೇ. ಕುಡಿಯುವ ನೀರಿಗೆ ನಾವು ಇಷ್ಟು ಬಡಿದಾಡಿದ ಹೊಳೆ ಕೆಳಗೆ ಹೋಗಿ ಜೂಜಿನ ಹಡಗುಗಳನ್ನು ಹೊತ್ತು ನಿಂತಿರುವುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಗೋವಾದ ಜೂಜು ಪೋರ್ಚುಗೀಸರ ಬಳುವಳಿ ಎಂದು ಎಷ್ಟೋ ಜನ ತಿಳಿದಿದ್ದಾರೆ. ಮಕಾವು ನಗರದ ಮಟ್ಟಿಗೆ ಆ ಮಾತು ನಿಜ, ಅಲ್ಲಿ 19ನೇ ಶತಮಾನದಲ್ಲೇ ಪೋರ್ಚುಗೀಸ್ ಆಡಳಿತ ಜೂಜಿಗೆ ಪರವಾನಗಿ ಕೊಟ್ಟಿತ್ತು. ಗೋವಾದ ಕಥೆ ಬೇರೆ. ಗೋವಾ ವಿಮೋಚನೆಯಾದದ್ದು 1961ರಲ್ಲಿ, ಜೂಜು ನಿಷೇಧಿಸುವ ಕಾಯ್ದೆ ಬಂದದ್ದು 1976ರಲ್ಲಿ. ಅದೇ ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೆ ಅವಕಾಶ ಕೊಟ್ಟರು. 1996ರಲ್ಲಿ ಇನ್ನೊಂದು ತಿದ್ದುಪಡಿ ಹಡಗಿಗೂ ದಾರಿ ಮಾಡಿತು. ಇಸ್ಪೀಟಿನ ಮೇಜುಗಳು ಹೊಳೆಗೆ ಇಳಿದದ್ದು ಹಾಗೆ. 2020ರ ಫೆಬ್ರುವರಿಯಿಂದ ಗೋವಾದವರು ಈ ಕ್ಯಾಸಿನೊಗಳಲ್ಲಿ ಆಡುವಂತಿಲ್ಲ. ತನ್ನ ಜನ ಹಾಳಾಗಬಾರದು ಎಂದು ಆ ರಾಜ್ಯ ಬಾಗಿಲು ಹಾಕಿದೆ. ತೆರೆದ ಬಾಗಿಲು ನಮ್ಮಂಥ ಹೊರಗಿನವರಿಗೆ. ಹೊರಡುವ ಮುನ್ನ ಈ ಒಂದು ಸಂಗತಿಯನ್ನು ಯಾರೇ ಆಗಲಿ ಸಮಾಧಾನದಿಂದ ಕೂತು ಯೋಚಿಸಬೇಕು.

ಒಂದಕ್ಕೆ ಮೂವತ್ತೇಳು

ಲೆಕ್ಕ ಬರೆಯುವವಳಾದ್ದರಿಂದ ಟಿಕೆಟ್ ತೆಗೆಸುವ ಮೊದಲು ಆಟಗಳ ಲೆಕ್ಕ ಹಿಡಿದು ಕೂತೆ. ರೂಲೆಟ್ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ 37 ಮನೆ. ಒಂದು ಸಂಖ್ಯೆಗೆ ನೂರು ಕಟ್ಟಿ ಅದೇ ಬಂದರೆ 35 ಪಟ್ಟು ಕೊಡುತ್ತಾರೆ, ಕಟ್ಟಿದ ನೂರೂ ವಾಪಸ್. ಹಾಗಾದರೆ ಎಲ್ಲಾ 37 ಮನೆಗೂ ನೂರು ನೂರು ಕಟ್ಟೋಣ. ಹಾಕಿದ್ದು 3,700. ಒಂದು ಮನೆ ಬಂದೇ ಬರುತ್ತದೆ, ಕೈಗೆ ಸಿಗುವುದು 3,600. ಹೇಗೆ ತಿರುಗಿದರೂ ಆ ನೂರು ಹಡಗಿನವರದು. 37ರಲ್ಲಿ 1 ಪಾಲು, ಅಂದರೆ ಶೇ 2.7. ಸೊನ್ನೆಯ ಜೊತೆ ಎರಡು ಸೊನ್ನೆಯ ಮನೆಯೂ ಇರುವ ಚಕ್ರವಾದರೆ ಅವರ ಪಾಲು ಶೇ 5.26ಕ್ಕೆ ಏರುತ್ತದೆ. ಆದ್ದರಿಂದ ಕೂರುವ ಮುಂಚೆ ಚಕ್ರದಲ್ಲಿ ಸೊನ್ನೆ ಎಷ್ಟಿದೆ ಎಂದು ನೋಡಿಕೊಳ್ಳಬೇಕು.

ಶೇ 2.7 ಏನು ಮಹಾ ಅನ್ನಿಸಬಹುದು. ನನಗೂ ಅನ್ನಿಸಿತ್ತು. ತಾಸಿಗೆ 40 ಸಲ ಚಕ್ರ ತಿರುಗಿದರೆ ಮೂರು ತಾಸಿಗೆ 120 ಸಲ. ಪ್ರತಿ ಸಲ 100 ರೂಪಾಯಿಯಂತೆ ಕೆಂಪು–ಕಪ್ಪಿಗೆ ಕಟ್ಟಿದರೆ, ಜೇಬಲ್ಲಿ 5,000 ಇದ್ದವಳು ಒಟ್ಟು ಕಟ್ಟಿದ್ದು 12,000. ಗೆದ್ದದ್ದೇ ಮತ್ತೆ ಮತ್ತೆ ಮೇಜಿಗೆ ಹೋಗುತ್ತದಲ್ಲ! ಕಡಿತ ಬೀಳುವುದು ಆ 12,000ದ ಮೇಲೆ, ಸರಾಸರಿ 324 ರೂಪಾಯಿ. ಅದೃಷ್ಟ ಒಂದು ಸಾವಿರದಷ್ಟು ಅತ್ತಿತ್ತ ತೂಗುತ್ತದೆ. ಒಂದು ಸಂಜೆಯ ಸಂತೋಷಕ್ಕೆ ಅಷ್ಟು ನಾನು ಕೊಟ್ಟೇನು. ಅದೇ ಮೇಜಿನಲ್ಲಿ ಕನಿಷ್ಠ ಪಣ 500 ಆಗಿಬಿಟ್ಟರೆ ಮೂರು ತಾಸಿಗೆ ಕಟ್ಟಬೇಕಾದ್ದು 60,000, ಸರಾಸರಿ ಕಡಿತ 1,620. ಅದೃಷ್ಟದ ತೂಗಾಟವೂ ಐದು ಪಟ್ಟು, ಅಂದರೆ ನನ್ನ 5,000 ಪೂರ್ತಿ ಹೋದರೂ ಆಶ್ಚರ್ಯವಿಲ್ಲ. ಕನಿಷ್ಠ ಪಣ ಎಷ್ಟೆಂದು ಮೇಜಿನ ಮೇಲೆ ಬರೆದಿರುತ್ತದೆ, ಜನ ಹೆಚ್ಚಾದಂತೆ ಅದು ಏರುತ್ತದೆ. ಶನಿವಾರ ರಾತ್ರಿ ಬಿಟ್ಟು ಮಂಗಳವಾರ ಸಂಜೆ ಆರಿಸಿಕೊಂಡದ್ದು ಇದಕ್ಕೇ. ವಾರದ ನಡುವೆ ಪ್ರವೇಶದ ಟಿಕೆಟ್ಟೂ ಅಗ್ಗ.

ಇನ್ನು ಅಪ್ಪನ ಆಟ. ಅಂದರ್ ಬಾಹರ್‌ನಲ್ಲಿ ಒಂದು ಎಲೆ ತೆರೆದಿಟ್ಟು ಎರಡೂ ಕಡೆಗೆ ಒಂದೊಂದೇ ಎಲೆ ಹಾಕುತ್ತ ಹೋಗುತ್ತಾರೆ, ಅದೇ ಅಂಕಿಯ ಎಲೆ ಯಾವ ಕಡೆ ಮೊದಲು ಬೀಳುತ್ತದೋ ಆ ಕಡೆಯವರು ಗೆದ್ದಂತೆ. ತೋಪಿನಲ್ಲಿ ಇದನ್ನು ಸಮಸಮದ ಆಟ ಅನ್ನುತ್ತಿದ್ದರು. ಸಮ ಇಲ್ಲ. ಮೊದಲ ಎಲೆ ಬೀಳುವ ಕಡೆಗೆ ಒಂದು ಅವಕಾಶ ಮುಂದಾಗಿ ಸಿಗುವುದರಿಂದ ನೂರಕ್ಕೆ 51.5 ಸಲ ಆ ಕಡೆಯೇ ಗೆಲ್ಲುತ್ತದೆ. ಕ್ಯಾಸಿನೊದವರಿಗೆ ಇದು ಗೊತ್ತು. ಸಾಮಾನ್ಯವಾಗಿ ಮೊದಲ ಎಲೆ ಅಂದರ್‌ಗೆ, ಅಂದರ್ ಗೆದ್ದರೆ ನೂರಕ್ಕೆ ತೊಂಬತ್ತೇ ಕೊಡುತ್ತಾರೆ. ಬಾಹರ್ ಗೆದ್ದರೆ ನೂರಕ್ಕೆ ನೂರು. ಲೆಕ್ಕ ಹಾಕಿದರೆ ಅಂದರ್‌ನಲ್ಲಿ ನೂರಕ್ಕೆ 2 ರೂಪಾಯಿ 15 ಪೈಸೆ, ಬಾಹರ್‌ನಲ್ಲಿ 3 ರೂಪಾಯಿ ಹಡಗಿಗೆ ಸೇರುತ್ತದೆ. ಪೂರ್ತಿ ನೂರು ಕೊಡುತ್ತಾರೆಂದು ಬಾಹರ್ ಕಡೆ ವಾಲಿದವರು ಹೆಚ್ಚು ಕಳೆದುಕೊಳ್ಳುತ್ತಾರೆ.

ತೆರಿಗೆಯದ್ದೂ ಹೇಳಿಬಿಡುತ್ತೇನೆ, ಇದನ್ನು ಯಾರೂ ಕೇಳಿಕೊಂಡು ಹೋಗುವುದಿಲ್ಲ. 2023ರ ಅಕ್ಟೋಬರ್ 1ರಿಂದ ಚಿಪ್ಸ್ (ಹಣದ ಬದಲು ಮೇಜಿನಲ್ಲಿ ಇಡುವ ಬಿಲ್ಲೆ) ಕೊಳ್ಳುವ ಪೂರ್ತಿ ಮೊತ್ತಕ್ಕೆ ಶೇ 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ನಾವು ಕೊಡುವ ಹಣದಲ್ಲಿ ಮೇಜಿಗೆ ಹೋಗುವುದೆಷ್ಟು, ತೆರಿಗೆಗೆ ಹೋಗುವುದೆಷ್ಟು ಎಂದು ಟಿಕೆಟ್ ತೆಗೆಸುವಾಗಲೇ ಕೇಳಿ. ಟಿಕೆಟ್ಟಿನ ಜೊತೆ ಕೊಡುವ ಉಚಿತ ಚಿಪ್ಸ್‌ಗಳಲ್ಲಿ ಆಟಕ್ಕೆ ಮಾತ್ರ ಬರುವವು, ನಗದಾಗದವು ಇರುತ್ತವೆ, ಅದನ್ನೂ ಕೇಳಿ. ಗೆದ್ದ ಹಣಕ್ಕೆ ಶೇ 30 ಆದಾಯ ತೆರಿಗೆ, ಮೇಲೆ ಸೆಸ್. ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ಸೋಮವಾರ 10,000 ಸೋತು ಮಂಗಳವಾರ 10,000 ಗೆದ್ದವರು ಸಮವಾದೆವು ಅಂದುಕೊಂಡರೂ ತೆರಿಗೆಯ ಪುಸ್ತಕದಲ್ಲಿ ಅವರು 10,000 ಗೆದ್ದವರು.

ಘಟ್ಟದ ಇಳಿಜಾರು

ರೈಲು ಯಶವಂತಪುರ–ವಾಸ್ಕೊ ಎಕ್ಸ್‌ಪ್ರೆಸ್. ದಾವಣಗೆರೆ, ಹರಿಹರ ದಾಟಿ ರಾತ್ರಿ ಹುಬ್ಬಳ್ಳಿ, ಬೆಳಗಿನ ಜಾವ ಮಡಗಾಂವ್. ಹಗಲು ಪ್ರಯಾಣ ಬೇಕೆನ್ನುವ ಹೆಂಗಸರು ಹುಬ್ಬಳ್ಳಿವರೆಗೆ ಶೂನ್ಯ ಟಿಕೆಟ್ಟಿನ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಪಣಜಿಯ ಬಸ್ ಹಿಡಿಯಬಹುದು, ರಾಜ್ಯ ದಾಟುವ ಬಸ್ಸಿಗೆ ಮಾತ್ರ ದುಡ್ಡು ಕೊಡಬೇಕು. ನಾನು ರೈಲನ್ನೇ ಆರಿಸಿಕೊಂಡೆ. ಹರಿಹರ ಬಿಟ್ಟ ಕೂಡಲೇ ಸೇತುವೆಯ ಮೇಲೆ ತುಂಗಭದ್ರೆ ಸಿಗುತ್ತಾಳೆ, ಅಲ್ಲಿ ಕೈಮುಗಿದು ಹೊರಡುವುದು ನಮ್ಮ ಮನೆಯ ರೂಢಿ.

ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ 26 ಕಿಲೋಮೀಟರ್ ಘಟ್ಟದ ದಾರಿಯ ಬಗ್ಗೆ ಓದುವಾಗ ಒಂದು ಅಂಕಿ ಕಂಡು ಬೆರಗಾದೆ. ಅಲ್ಲಿಯ ಇಳಿಜಾರು 37ಕ್ಕೆ 1. ಅಂದರೆ 37 ಅಡಿ ಸಾಗಿದರೆ 1 ಅಡಿ ಇಳಿತ. ರೂಲೆಟ್ ಚಕ್ರದ ಲೆಕ್ಕವೂ ಅದೇ! ಬರ್ತಿನಲ್ಲಿ ಮಲಗಿದವರಿಗೆ ಆ ಇಳಿಜಾರು ಗೊತ್ತಾಗುವುದೇ ಇಲ್ಲ. ಪಕ್ಕದಲ್ಲಿ ದೂಧಸಾಗರ ಧುಮುಕುತ್ತಿರುತ್ತದೆ, ಕತ್ತಲಲ್ಲಿ ಅದೂ ಕಾಣದು. ಕಣ್ಣು ಬಿಟ್ಟಾಗ ಇಡೀ ಘಟ್ಟ ಇಳಿದುಬಿಟ್ಟಿರುತ್ತೇವೆ.

ಮಡಗಾಂವ್‌ನಿಂದ ಪಣಜಿಗೆ ಕದಂಬ ಬಸ್ಸುಗಳು ಬೇಕಾದಷ್ಟಿವೆ. ಗೋವಾದ ಬಸ್‌ನಿಲ್ದಾಣಗಳಲ್ಲಿ ಕನ್ನಡ ಕಿವಿಗೆ ಬೀಳುತ್ತದೆ, ಕಟ್ಟಡದ ಕೆಲಸಕ್ಕೆ, ಮೀನಿನ ಬಂದರಿಗೆ ಹೋಗಿ ನೆಲೆಸಿದ ಬಾಗಲಕೋಟೆ, ಗದಗ, ವಿಜಯಪುರದ ಕಡೆಯ ಜನ. ಅದೊಂದು ದೊಡ್ಡ ಧೈರ್ಯ. ಉಳಿಯಲು ಫೊಂಟೈನ್ಹಾಸ್ ಓಣಿಯ ಹತ್ತಿರ ಸಣ್ಣ ರೂಮು ಹಿಡಿದಿದ್ದೇನೆ, ಬೆಳಿಗ್ಗೆ ಆ ಬಣ್ಣಬಣ್ಣದ ಹಳೇ ಮನೆಗಳ ನಡುವೆ ಒಬ್ಬಳೇ ನಡೆಯಬೇಕು. ಬೇಕಾದಲ್ಲಿ ನಿಲ್ಲಬೇಕು. "ನಡಿ, ನಡಿ, ಊಟಕ್ಕೆ ತಡವಾಯ್ತು" ಅನ್ನುವವರಿಲ್ಲದೆ. ನಿಜ ಹೇಳಬೇಕೆಂದರೆ ಹಡಗಿಗಿಂತ ಈ ಅರ್ಧ ತಾಸಿಗಾಗಿಯೇ ಹೆಚ್ಚು ಕಾಯುತ್ತಿದ್ದೇನೆ.

ಒಬ್ಬಳೇ ಹೋಗುವುದರಲ್ಲಿ ಒಂದು ಅನುಕೂಲವಿದೆ. "ಇನ್ನೊಂದೇ ಆಟ, ಕೂತ್ಕೊ" ಎಂದು ತೋಳು ಎಳೆಯುವವರಿರುವುದಿಲ್ಲ. ಗೆಳೆಯರ ಗುಂಪಿನಲ್ಲಿ ಒಬ್ಬ ಗೆಲ್ಲುವವರೆಗೆ ಉಳಿದ ನಾಲ್ವರೂ ಕೂತು ಸೋಲುತ್ತಾರೆ. ಆದರೆ ತೊಂದರೆ ಇರುವುದೂ ಅಲ್ಲೇ, ಬೆನ್ನು ತಿರುಗಿಸಿ ರೊಟ್ಟಿ ತಟ್ಟುವ ಅವ್ವನೂ ಅಲ್ಲಿರುವುದಿಲ್ಲ. ಒಳಗೆ ಕಿಟಕಿಯ ಬೆಳಕು ಕಡಿಮೆ, ಊಟ, ಕುಡಿತ ಟಿಕೆಟ್ಟಿನಲ್ಲೇ ಸೇರಿರುತ್ತದೆ, ಸಂಜೆ ಯಾವಾಗ ರಾತ್ರಿಯಾಯಿತೋ ತಿಳಿಯುವುದಿಲ್ಲ. ಆದ್ದರಿಂದ ಅವ್ವನ ಕೆಲಸವನ್ನು ನಾನು ಹರಿಹರದಲ್ಲೇ ಮುಗಿಸಿ ಹೋಗುತ್ತಿದ್ದೇನೆ. ರೈಲು, ರೂಮು, ಊಟ, ಪ್ರವೇಶದ ಟಿಕೆಟ್ ಎಲ್ಲದರ ಹಣ ಒಂದು ಕವರಿನಲ್ಲಿ, ಆಟದ 5,000 ಬೇರೆ ಕವರಿನಲ್ಲಿ. ಎಟಿಎಂ ಕಾರ್ಡ್ ಮನೆಯಲ್ಲೇ. ಫೋನಿನ ಯುಪಿಐ ಮಿತಿಯನ್ನು ಮಗಳು ಕೂತು 2,000ಕ್ಕೆ ಇಳಿಸಿದ್ದಾಳೆ, ಆಸ್ಪತ್ರೆಗೋ ಆಟೊಗೋ ಬೇಕಾದರೆ ಇರಲಿ ಎಂದು. ಆರೂವರೆಗೆ ದೋಣಿ ಹತ್ತಿ ಒಂಬತ್ತೂವರೆಗೆ ಇಳಿದು ಅವಳಿಗೆ ಫೋನ್ ಮಾಡಬೇಕು. ಗೆಲ್ಲುತ್ತಿದ್ದರೂ ಸರಿ, ಸೋಲುತ್ತಿದ್ದರೂ ಸರಿ. ಆಧಾರ್ ಕಾರ್ಡ್ ಮರೆಯುವಂತಿಲ್ಲ, 21 ತುಂಬಿದವರಿಗೆ ಮಾತ್ರ ಪ್ರವೇಶ, ದಾಖಲೆ ನೋಡಿಯೇ ಬಿಡುತ್ತಾರೆ.

ಇಷ್ಟೆಲ್ಲ ತಯಾರಿ ಅತಿಯಾಯಿತು ಎಂದು ಸಹೋದ್ಯೋಗಿಗಳು ಹೇಳಿದರು. ನಮ್ಮ ವಿಭಾಗದಲ್ಲೇ ಕೆಲಸಕ್ಕಿದ್ದ ಹುಡುಗನೊಬ್ಬ ಎರಡು ವರ್ಷದ ಕೆಳಗೆ ಫೋನಿನ ರಮ್ಮಿಯಲ್ಲಿ ಅಕ್ಕನ ಮದುವೆಗೆಂದು ಇಟ್ಟ ಹಣ ಕಳೆದದ್ದನ್ನು ನಾನು ಮರೆತಿಲ್ಲ. ಬೆಳಿಗ್ಗೆ ಹತ್ತಕ್ಕೆ ನನ್ನ ಪಕ್ಕದ ಮೇಜಿನಲ್ಲಿ ಕೂತು ವೋಚರ್ ಬರೆಯುತ್ತಲೇ ಕಳೆಯುತ್ತಿದ್ದ. ನನಗೆ ಗೊತ್ತೇ ಆಗಲಿಲ್ಲ ಎಂಬುದು ಇವತ್ತಿಗೂ ಕೊರೆಯುತ್ತದೆ. ಹಡಗಿಗೆ ಹೋಗಲು ರಜೆ ಹಾಕಬೇಕು, ರೈಲು ಹತ್ತಬೇಕು, ಘಟ್ಟ ಇಳಿಯಬೇಕು, ದೋಣಿ ಕಾಯಬೇಕು. ಅಷ್ಟು ಹೊತ್ತಿನಲ್ಲಿ ನಾಲ್ಕು ಸಲ ಬುದ್ಧಿ ತಿರುಗಲು ಜಾಗವಿದೆ. ಅಂಗೈಯ ಫೋನಿಗೆ ಜೆಟ್ಟಿಯೂ ಇಲ್ಲ, ದೋಣಿಯೂ ಇಲ್ಲ. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಾಗ ನಮ್ಮ ಬಸ್‌ನಿಲ್ದಾಣದ ಲಾಟರಿ ಅಂಗಡಿಗಳು ಮುಚ್ಚಿದ್ದನ್ನು ಕಂಡವಳು ನಾನು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ಮನಸಾರೆ ಸಂತೋಷಪಟ್ಟೆ. ಆ ಹುಡುಗನಿಗೆ ಆಗ ಯಾರಿಗೆ ಹೇಳಬೇಕೆಂದೇ ತಿಳಿದಿರಲಿಲ್ಲ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಫೋನಿನ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆ. ಅಡ್ಡೆಯ ಚಟವಿರಲಿ, ಫೋನಿನದಿರಲಿ, ಈಗಾಗಲೇ ಒಮ್ಮೆ ಉಣ್ಣೋ ದುಡ್ಡಿಗೆ ಕೈಹಾಕಿದವರು ಈ ಪ್ರವಾಸಕ್ಕೆ ಹೊರಡಲೇಬಾರದು. ಈ ಮಾತನ್ನು ಕೈಮುಗಿದು ಹೇಳುತ್ತೇನೆ.

ನಿನ್ನೆ ರಾತ್ರಿ ಬ್ಯಾಗು ತುಂಬುತ್ತಿದ್ದೆ. ಅವ್ವ ಈಗ ನಮ್ಮ ಜೊತೆಗೇ ಇದ್ದಾಳೆ, ವಯಸ್ಸು 78. ಮಂಚದ ಮೇಲೆ ಕೂತು ಎರಡು ಕವರುಗಳನ್ನೂ ನೋಡುತ್ತಿದ್ದಳು. ಯಾವುದು ಯಾವುದಕ್ಕೆ ಎಂದು ಕೇಳಲಿಲ್ಲ.

"ಹಡಗಿನಾಗೆ ಅಂದರ್ ಬಾಹರ್ ಆಡಿಸ್ತಾರೇನು?"

"ಆಡಿಸ್ತಾರಂತವ್ವ."

ಎಲೆ-ಅಡಿಕೆ ಚೀಲದ ಬಾಯಿ ಬಿಚ್ಚಿ ಐವತ್ತರ ನೋಟೊಂದನ್ನು ತೆಗೆದು ಮಡಿಸಿ ನನ್ನ ಕೈಗಿಟ್ಟಳು. "ನಿಮ್ಮಪ್ಪನ ಹೆಸರಲ್ಲಿ ಒಂದು ಕೈ ಹಾಕು. ಬಾಹರ್‌ಗೆ ಹಾಕು. ಅವನು ಯಾವಾಗ್ಲೂ ಬಾಹರ್‌ಗೇ ಹಾಕೋನು."

ಶೇ 3ರ ಲೆಕ್ಕ ಬಾಯಿಗೆ ಬಂದಿತ್ತು, ಹೇಳಲಿಲ್ಲ. "ಅಲ್ಲಿ ನೂರಕ್ಕಿಂತ ಕಮ್ಮಿಗೆ ಕೈ ಸಿಗಲ್ಲ ಅಂತಾರವ್ವ" ಎಂದಷ್ಟೇ ಅಂದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮತ್ತೆ ಚೀಲಕ್ಕೆ ಕೈ ಹಾಕಿ, ತಡಕಾಡಿ, ಇನ್ನೊಂದು ಐವತ್ತು ತೆಗೆದಳು.